ಮಾತು ಬಿಟ್ಟ ಎರಡು ಪೆಟ್ಟಿಗೆಗಳಿಗೆ ಒಂದೇ ಲಕೋಟೆ

ಕಪ್ಪು ಗೇಮ್ ಕನ್ಸೋಲ್ ತಯಾರಿಸುವ ಕಂಪನಿಯ ಮುಖ್ಯಸ್ಥರಿಗೆ,
ಹಾಗೂ ಬಿಳಿ ಗೇಮ್ ಕನ್ಸೋಲ್ ತಯಾರಿಸುವ ಕಂಪನಿಯ ಮುಖ್ಯಸ್ಥರಿಗೆ
(ಯಾರನ್ನು ಮೊದಲು ಬರೆಯಬೇಕೆಂದು ನಾಣ್ಯ ಚಿಮ್ಮಿ ನಿರ್ಧರಿಸಿದ್ದೇನೆ, ಬಿಳಿಯವರು ಬೇಸರ ಮಾಡಿಕೊಳ್ಳಬಾರದು)

ಪರಸ್ಪರ ಮುಖ ನೋಡದ ಮಾನ್ಯರೇ,

ತಾವಿಬ್ಬರೂ ತಮ್ಮ ತಮ್ಮ ಎತ್ತರದ ಕಟ್ಟಡಗಳಲ್ಲಿ, ಒಬ್ಬರ ಕಿಟಕಿ ಇನ್ನೊಬ್ಬರ ಕಣ್ಣಿಗೆ ಬೀಳದಂತೆ, ಸುಖವಾಗಿದ್ದೀರೆಂದು ನಂಬಿ ಕೈಮುಗಿದು ಮಾಡುವ ವಿಜ್ಞಾಪನೆ ಏನೆಂದರೆ, ಇಂಥ ದೊಡ್ಡವರಿಬ್ಬರನ್ನು ಒಂದೇ ಕಾಗದದಲ್ಲಿ ಅಕ್ಕಪಕ್ಕ ಕೂರಿಸಿದ ಅಪರಾಧವನ್ನು ಮೊದಲು ಮನ್ನಿಸಬೇಕು. ಎರಡು ಕಾಗದ ಬರೆಯಲು ನನಗೇನೂ ಸೋಮಾರಿತನವಿರಲಿಲ್ಲ. ಲಕೋಟೆ ಒಂದೇ ಆದರೆ ಅದನ್ನು ಯಾರು ಮೊದಲು ಒಡೆಯಬೇಕು, ಓದಿಯಾದ ಮೇಲೆ ಇನ್ನೊಬ್ಬರಿಗೆ ಹೇಗೆ ತಲುಪಿಸಬೇಕು ಎಂದು ಕೇಳುವ ನೆಪಕ್ಕಾದರೂ ತಾವು ಒಬ್ಬರಿಗೊಬ್ಬರು ಒಂದು ಫೋನು ಮಾಡಬೇಕಾಗುತ್ತದಲ್ಲ, ಅಷ್ಟೇ ನನ್ನ ದುರಾಸೆ.

ನನ್ನ ಪರಿಚಯ ದೊಡ್ಡದೇನಲ್ಲ. ನಾನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನೂ ನನ್ನ ಜತೆಗಾರನೂ ಎರಡನೇ ಮಹಡಿಯ ಒಂದು ಕೋಣೆಯಲ್ಲಿ, ಮೇಣದ ಹಾಳೆ, ಪ್ಲಾಸ್ಟರ್ ಪುಡಿ, ಪಾಲಿಶ್ ಮೋಟಾರಿನ ಗುಂಯ್ ಸದ್ದು ಇವುಗಳ ನಡುವೆ ಕೂತು, ನಾವು ಎಂದೂ ಮುಖ ನೋಡಿರದ ಜನರಿಗೆ ನಗು ತಯಾರಿಸುತ್ತೇವೆ. ನನಗೆ ಹನ್ನೊಂದು ವರ್ಷದ ಮಗಳಿದ್ದಾಳೆ. ಅವಳ ತಾಯಿಯೂ ನಾನೂ ಮೂರು ವರ್ಷದ ಹಿಂದೆ ಬೇರೆಯಾದೆವು, ಮಗಳು ತಾಯಿಯ ಜತೆ ರೈಲಿನಲ್ಲಿ ಏಳು ಗಂಟೆ ದೂರದ ಊರಿನಲ್ಲಿದ್ದಾಳೆ. ರಜೆಯಲ್ಲಿ ಹತ್ತು ದಿನ ನನ್ನ ಬಳಿ ಬರುತ್ತಾಳೆ. ಉಳಿದಂತೆ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಫೋನಿನಲ್ಲಿ ಅವಳು ನನ್ನವಳು ಎಂದು ಇಬ್ಬರೂ ಸಹಿ ಹಾಕಿದ ಕಾಗದದಲ್ಲಿ ಬರೆದಿದೆ.

ಮೊದಲ ವರ್ಷ ಆ ಒಂದು ಗಂಟೆ ಸಾಲುತ್ತಿರಲಿಲ್ಲ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ‘ತಿಂಡಿ ಆಯ್ತಾ, ಆಯ್ತು, ಸ್ಕೂಲು ಹೇಗಿದೆ, ಚೆನ್ನಾಗಿದೆ, ಮತ್ತೇನು, ಏನಿಲ್ಲ’ ಎಂಬಲ್ಲಿಗೆ ನಾಲ್ಕೇ ನಿಮಿಷಕ್ಕೆ ಇಳಿದಿತ್ತು. ಉಳಿದ ಐವತ್ತಾರು ನಿಮಿಷವೂ ಕಾನೂನಿನ ಪ್ರಕಾರ ನನ್ನದೇ ಆದರೂ ಅದನ್ನು ಏನು ಮಾಡಬೇಕೆಂದು ತಿಳಿಯದೆ, ನಾನು ಫೋನು ಹಿಡಿದುಕೊಂಡು ಮಂಚದ ಅಂಚಿನಲ್ಲಿ ಕೂತಿರುತ್ತಿದ್ದೆ. ಹೀಗಿರುವಾಗ ಒಂದು ಭಾನುವಾರ ಮಗಳು, ತನ್ನ ಹುಟ್ಟುಹಬ್ಬಕ್ಕೆ ಬಂದ, ಟೀವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಯಲ್ಲಿ ಒಂದು ದ್ವೀಪವಿದೆಯೆಂದೂ, ಅಲ್ಲಿ ಮನೆ ಕಟ್ಟಬಹುದೆಂದೂ, ದೂರದಲ್ಲಿರುವವರು ಕೂಡ ಆ ದ್ವೀಪಕ್ಕೆ ಬಂದು ಜತೆಯಲ್ಲಿ ಇಟ್ಟಿಗೆ ಇಡಬಹುದೆಂದೂ ಒಂದೇ ಉಸಿರಿನಲ್ಲಿ ಹೇಳಿ, ‘ಅಪ್ಪ, ನೀನೂ ಒಂದು ತಗೋ, ಒಟ್ಟಿಗೆ ಆಡೋಣ’ ಎಂದಳು. ಮೂರನೇ ನಿಮಿಷದಲ್ಲಿದ್ದ ನನಗೆ ಸ್ವರ್ಗಕ್ಕೆ ಮೂರೇ ಗೇಣು. ‘ಆಯ್ತು ಪುಟ್ಟಿ, ತಗೊಂಡ್ರೆ ಒಳ್ಳೇದೇ ತಗೋತೀನಿ’ ಎಂದುಬಿಟ್ಟೆ. ಮಾನ್ಯರೇ, ಆ ‘ಒಳ್ಳೇದೇ’ ಎಂಬಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಒಳ್ಳೆಯದು ಯಾವುದು ಎಂದು ಮರುದಿನ ಕೆಲಸದ ಕೋಣೆಯಲ್ಲಿ ಬಾಯಿ ತಪ್ಪಿ ಕೇಳಿದೆ. ನನ್ನ ಜತೆಗಾರನಿಗೆ ವಕೀಲ ಎಂದು ಅಡ್ಡಹೆಸರು. ಅವನು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ, ಆದರೆ ಬೆಳಗ್ಗೆ ಫ್ಯಾನು ಹಾಕಬೇಕೋ ಬೇಡವೋ ಎಂಬುದಕ್ಕೂ ಎರಡೂ ಕಡೆಯಿಂದ ವಾದ ಮಂಡಿಸಿ ತಾನೇ ಗೆಲ್ಲುವವನು. ಅವನು ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲಿಟ್ಟು, ಕಪ್ಪು ಪೆಟ್ಟಿಗೆ ಸೆಕೆಂಡಿಗೆ ನೂರಿಪ್ಪತ್ತು ಚಿತ್ರ ತೋರಿಸುತ್ತದೆಂದೂ, ಬಿಳಿಯದ್ದು ಅಷ್ಟು ತೋರಿಸುತ್ತೇನೆಂದು ಹೇಳಿ ಹಿಂಬಾಗಿಲಿನಿಂದ ಕಡಿಮೆ ಮಾಡುತ್ತದೆಂದೂ, ‘ಬಿಳೀದು ತಗೊಂಡ್ರೆ ನಾಳೆ ನನ್ನ ಹತ್ರ ಬಂದು ಅಳಬೇಡಿ’ ಎಂದೂ ಎಚ್ಚರಿಸಿದ. ಕನ್ನಡಕ ತೆಗೆದರೆ ಎದುರಿಗಿರುವ ವಕೀಲನೇ ಎರಡಾಗಿ ಕಾಣುವ ನನಗೆ ಸೆಕೆಂಡಿಗೆ ನೂರಿಪ್ಪತ್ತು ಚಿತ್ರದಿಂದ ಯಾವ ಉಪಕಾರ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ, ನಾನು ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಸಂಜೆ ಅಕ್ಕನ ಮನೆಗೆ ಹೋದರೆ ಅಲ್ಲಿ ಭಾವ. ಅವರ ಬಳಿ ಬಿಳಿ ಪೆಟ್ಟಿಗೆಯಿದೆ, ಮತ್ತು ತಾವು ಆರಿಸಿದ ವಸ್ತು ಕಳಪೆಯಾಗಿರಲು ಸಾಧ್ಯವೇ ಇಲ್ಲ ಎಂಬ ಒಂದೇ ಸಿದ್ಧಾಂತದ ಮೇಲೆ ಅವರ ಜೀವನ ನಿಂತಿದೆ. ವಕೀಲನ ಮಾತನ್ನು ಕೇಳಿದ್ದೇ ತಡ, ಅವರು ಊಟದ ತಟ್ಟೆಯನ್ನು ಬದಿಗೆ ಸರಿಸಿ, ಚಿತ್ರ ಎಷ್ಟು ಬಂದರೇನು, ಕಪ್ಪು ಪೆಟ್ಟಿಗೆಯ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ, ಅದಕ್ಕೆ ಮಾತ್ರ ಬರುವ ಆಟಗಳೆಲ್ಲ ಬರೀ ಹೊಡೆದಾಟ, ‘ನಿನ್ನ ಆ ವಕೀಲನಿಗೆ ಏನು ಗೊತ್ತು ಮಣ್ಣು’ ಎಂದು ಗುಡುಗಿದರು. ಇದನ್ನು ನಾನು ಮರುದಿನ ವಕೀಲನಿಗೆ ತಲುಪಿಸಿದೆ, ಅವನ ಉತ್ತರವನ್ನು ಭಾವನಿಗೆ ತಲುಪಿಸಿದೆ, ಹೀಗೆ ಇಬ್ಬರ ನಡುವೆ ಅಂಚೆಯವನಾಗಿ ಓಡಾಡಿದಂತೆಲ್ಲ ನನ್ನ ನೋಟ್‌ಬುಕ್ಕಿನ ಪಟ್ಟಿ ನಲವತ್ತೊಂದು ಸಾಲಿಗೆ ಬೆಳೆಯಿತು. ಒಬ್ಬರನ್ನೊಬ್ಬರು ಕಂಡೇ ಇರದ ಇಬ್ಬರು ಗಂಡಸರ ನಡುವೆ ಇಂಥ ಆಜನ್ಮ ವೈರವನ್ನು ಯಾವ ಆಸ್ತಿ ವ್ಯಾಜ್ಯದ ಸಹಾಯವೂ ಇಲ್ಲದೆ ಹುಟ್ಟಿಸಿದ ತಮ್ಮ ಪ್ರತಿಭೆಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಈ ವಾದದ ಭರದಲ್ಲಿ ಒಂದು ದಿನ ವಕೀಲ, ಒಬ್ಬ ನಿವೃತ್ತ ಮೇಷ್ಟ್ರ ಮೇಲಿನ ಸೆಟ್ಟನ್ನು ತುತ್ತೂರಿ ಊದುವ ಒಬ್ಬ ವಾದ್ಯಗಾರರ ಕೆಳಗಿನ ಸೆಟ್ಟಿನ ಜತೆ ಒಂದೇ ಡಬ್ಬಿಗೆ ಹಾಕಿ ಕಳಿಸಿದ. ಮೇಷ್ಟ್ರು ಬಾಯಿ ಮುಚ್ಚಲಾಗದೆ, ವಾದ್ಯಗಾರರು ಬಾಯಿ ತೆರೆಯಲಾಗದೆ, ಇಬ್ಬರೂ ದಂತವೈದ್ಯರ ಕೋಣೆಯಲ್ಲಿ ಸನ್ನೆಯಲ್ಲೇ ಜಗಳವಾಡಿದರಂತೆ. ವೈದ್ಯರು ಫೋನಿನಲ್ಲಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅದನ್ನು ತಾವಿಬ್ಬರೂ ಅರ್ಧರ್ಧ ಹಂಚಿಕೊಳ್ಳತಕ್ಕದ್ದು.

ನಾನು ಇನ್ನೇನು ನಿರ್ಧಾರಕ್ಕೆ ಬಂದೆ ಎನ್ನುವಾಗಲೆಲ್ಲ ತಮ್ಮಲ್ಲೊಬ್ಬರು, ಅದೆಲ್ಲಿಂದ ನನ್ನ ಮನಸ್ಸನ್ನು ಓದುತ್ತಿದ್ದಿರೋ, ‘ಶೀಘ್ರದಲ್ಲೇ ಹೊಸ ಮಾದರಿ’ ಎಂದು ಘೋಷಿಸುತ್ತಿದ್ದಿರಿ. ತೆಳ್ಳಗಿನದು ಬರುತ್ತದೆ ತಡೆಯಿರಿ ಎಂದು ವಕೀಲ, ಡಿಸ್ಕ್ ಹಾಕುವ ಬಾಯಿ ಇಲ್ಲದ್ದು ಬರುತ್ತದೆ ತಡಿಯೋ ಎಂದು ಭಾವ. ಬಾಯಿ ಇಲ್ಲದ್ದು ಹೇಗೆ ಹೆಚ್ಚು ಎಂಬುದು ನನ್ನ ವೃತ್ತಿಯವರಿಗೆ ಸುಲಭಕ್ಕೆ ಅರ್ಥವಾಗುವ ವಿಷಯವಲ್ಲ, ಆದರೂ ತಡೆದೆ. ಭಾನುವಾರಗಳಲ್ಲಿ ಮಗಳು ‘ತಗೊಂಡ್ಯಾ ಅಪ್ಪ?’ ಎನ್ನುವಳು, ನಾನು ‘ನೋಡ್ತಾ ಇದ್ದೀನಿ ಪುಟ್ಟಿ’ ಎನ್ನುವೆ. ಆರನೇ ತಿಂಗಳಿನಿಂದ ಅವಳು ಕೇಳುವುದನ್ನು ಬಿಟ್ಟಳು. ನಾಲ್ಕು ನಿಮಿಷ ಮೂರಕ್ಕೆ ಇಳಿಯಿತು. ಆಗಲೂ ನಾನು ಮಾಡಿದ್ದೇನೆಂದರೆ, ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದ್ದು.

ಕೊನೆಗೆ ಎಂಟನೇ ತಿಂಗಳಲ್ಲಿ ಕಪ್ಪನ್ನು ಕೊಂಡೆ. ಕಾರಣ ನಲವತ್ತೆರಡು ಸಾಲಿನಲ್ಲಿ ಯಾವುದೂ ಅಲ್ಲ. ಅಂಗಡಿಯಲ್ಲಿ ಎರಡರ ಕಂಟ್ರೋಲರನ್ನೂ ಹಿಡಿದು ನೋಡಿದಾಗ ಕಪ್ಪಿನದು ಅಂಗೈಗೆ ಸರಿಯಾಗಿ ಕೂತಿತು, ಇಪ್ಪತ್ತು ವರ್ಷ ಪರರ ದವಡೆಗೆ ವಸ್ತು ಕೂರಿಸಿದ ಕೈ ಅದು, ಅದರ ಮಾತನ್ನು ನಂಬಿದೆ. ಅಂಗಡಿಯ ಹುಡುಗಿ ‘ಒಳ್ಳೇ ಸೆಲೆಕ್ಷನ್ ಸಾರ್, ಎಲ್ಲರೂ ಇದನ್ನೇ ತಗೊಳ್ಳೋದು’ ಎಂದಳು. ನನ್ನ ಹಿಂದಿದ್ದವರು ಬಿಳಿ ಕೊಂಡಾಗಲೂ ಅದೇ ನಗುವಿನಿಂದ ಅದೇ ಮಾತು ಹೇಳಿದಳು. ಇಡೀ ಈ ವ್ಯವಹಾರದಲ್ಲಿ ನನಗೆ ಸಿಕ್ಕ ನಿಷ್ಪಕ್ಷಪಾತಿ ಅವಳೊಬ್ಬಳೇ.

ಭಾನುವಾರ ಹತ್ತು ಗಂಟೆಗೆ ಹೊಸ ಶರ್ಟು ಹಾಕಿಕೊಂಡು, ಯಾಕೆ ಹಾಕಿಕೊಂಡೆನೋ ದೇವರೇ ಬಲ್ಲ, ಟೀವಿಯ ಮುಂದೆ ಕೂತು ಫೋನು ಮಾಡಿದೆ. ‘ಪುಟ್ಟಿ, ಬಂದೆ’ ಎಂದೆ. ಅವಳು ಕಿರುಚಿದ ಕಿರುಚಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆಟದಲ್ಲಿ ತನ್ನ ಹೆಸರೇನೆಂದು ಹೇಳಿದಳು, ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ತಮ್ಮ ಪೆಟ್ಟಿಗೆ ಸ್ವಲ್ಪ ಹೊತ್ತು ಯೋಚಿಸಿ, ತುಂಬ ಸಭ್ಯವಾಗಿ, ‘ಇಂಥ ವ್ಯಕ್ತಿ ಯಾರೂ ಇಲ್ಲ’ ಎಂದು ತೋರಿಸಿತು. ಮತ್ತೆ ಒತ್ತಿದೆ. ಇಲ್ಲ. ಸೆಕೆಂಡಿಗೆ ನೂರಿಪ್ಪತ್ತು ಸಲ, ಕಣ್ಣು ಕೋರೈಸುವಷ್ಟು ಸ್ಪಷ್ಟವಾಗಿ, ನನ್ನ ಮಗಳು ಇಲ್ಲವೇ ಇಲ್ಲ ಎಂದು ಅದು ಹೇಳುತ್ತಿತ್ತು.

ಆಗ ಫೋನು ಅವಳ ತಾಯಿಯ ಕೈಗೆ ಹೋಯಿತು. ‘ಯಾವುದು ತಗೊಂಡ್ರಿ?’ ಎಂದಳು. ಕಪ್ಪು ಎಂದೆ. ‘ಇವಳದು ಬಿಳೀದು. ಈ ಆಟದಲ್ಲಿ ಅದಕ್ಕೂ ಇದಕ್ಕೂ ಸೇರಲ್ಲ’ ಎಂದು ಹೇಳಿ, ‘ಎಂಟು ತಿಂಗಳು ಊರೆಲ್ಲ ಕೇಳ್ಕೊಂಡು ಬಂದ್ರಿ, ಇವಳನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ಲಲ್ಲ’ ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು, ತಿರುಗಿ ಒಂದು ಮಾತು ಹೇಳಲೂಬಹುದಿತ್ತು. ಬೇರೆಯಾಗುವ ಮುಂಚೆ ನಾವು ಹೋಗುತ್ತಿದ್ದ ದಾಂಪತ್ಯ ಸಲಹೆಗಾರ್ತಿಯ ಮುಂದೆ ಕೂಡ ಅವಳ ದೂರು ಇದೇ ಆಗಿತ್ತು ಎಂಬುದು ನನಗೆ ಆಗ ನೆನಪಾಯಿತು, ಮತ್ತು ಅಂದು ಅರ್ಥವಾಗದೇ ಇದ್ದದ್ದು ಕಂಟ್ರೋಲರ್ ಹಿಡಿದು ಕೂತಿದ್ದ ಆ ಹೊತ್ತಿಗೆ ಅರ್ಥವಾಯಿತು. ಅಷ್ಟರ ಮಟ್ಟಿಗೆ ತಮ್ಮ ಯಂತ್ರ ಬುದ್ಧಿ ಬೆಳೆಸುವಂಥದ್ದೇ, ಜಾಹೀರಾತು ಸುಳ್ಳಲ್ಲ.

ತಪ್ಪು ನನ್ನದು, ಒಪ್ಪಿದೆ. ಡಬ್ಬಿ ಒಡೆದ ಮೇಲೆ ವಾಪಸ್ಸಿಲ್ಲ ಎಂದ ಅಂಗಡಿಯ ಮೇಲೂ ನನಗೆ ಕೋಪವಿಲ್ಲ. ಆದರೆ ಮಾನ್ಯರೇ, ಅದೇ ಆಟ, ಅದೇ ದ್ವೀಪ, ಅದೇ ಇಟ್ಟಿಗೆ, ತಮ್ಮಿಬ್ಬರ ಪೆಟ್ಟಿಗೆಯಲ್ಲೂ ಇದೆ. ಬೆಳಕಿನ ವೇಗದಲ್ಲಿ ಭೂಮಿಯ ಆ ತುದಿಗೆ ಸಂದೇಶ ಕಳಿಸಬಲ್ಲ ತಮಗೆ ಬರದೇ ಇರುವ ವಿದ್ಯೆಯೆಂದರೆ ಪಕ್ಕದ ಪೆಟ್ಟಿಗೆಗೆ ‘ಹೂಂ’ ಅನ್ನುವುದು. ನಾನೂ ಅವಳ ತಾಯಿಯೂ ಮಾತು ಬಿಟ್ಟವರೇ. ನಮ್ಮಷ್ಟು ಅಚ್ಚುಕಟ್ಟಾಗಿ ಮಾತು ಬಿಟ್ಟವರು ನಮ್ಮ ಬಂಧು ಬಳಗದಲ್ಲೇ ಇಲ್ಲ. ಆದರೂ ಮಗುವಿಗೆ ಜ್ವರ ಬಂದರೆ, ಶಾಲೆಯ ಶೂ ಚಿಕ್ಕದಾದರೆ, ಫೋನು ಎತ್ತುತ್ತೇವೆ. ನನ್ನ ಕೆಲಸದಲ್ಲಂತೂ, ಮೇಲಿನ ಸೆಟ್ಟು ಎಷ್ಟೇ ಸುಂದರವಾಗಿರಲಿ, ಕೆಳಗಿನದರ ಜತೆ ಕೂಡದಿದ್ದರೆ ಅದನ್ನು ಕಸದ ಬುಟ್ಟಿಗೆ ಹಾಕುತ್ತೇವೆ, ಹೊಸ ಮಾದರಿ ಎಂದು ಘೋಷಿಸುವುದಿಲ್ಲ.

ಆದ್ದರಿಂದ ತಾವು ದಯಮಾಡಿ ಎರಡು ದ್ವೀಪಗಳ ನಡುವೆ ಒಂದು ಸಣ್ಣ ಸೇತುವೆ ಹಾಕಿಸಿಕೊಡಬೇಕು, ಅಗಲ ಹನ್ನೊಂದು ವರ್ಷದ ಹುಡುಗಿಯೊಬ್ಬಳು ನಡೆದು ಬರುವಷ್ಟಿದ್ದರೆ ಸಾಕು. ತಮ್ಮ ಪ್ರತಿಷ್ಠೆಗೆ ಅದು ಕುಂದೆನಿಸಿದರೆ, ನಮ್ಮ ಸಲಹೆಗಾರ್ತಿಯವರ ವಿಳಾಸ ಕೊಡುತ್ತೇನೆ, ಇಬ್ಬರೂ ಹೋಗಿ ಅವರ ಆ ತಗ್ಗು ಸೋಫಾದಲ್ಲಿ ಮೊಣಕಾಲು ತಾಗಿಸಿಕೊಂಡು ಕೂರಬೇಕು, ಮೇಜಿನ ಮೇಲೆ ಕಣ್ಣೊರೆಸುವ ಕಾಗದವಿರುತ್ತದೆ. ಭಾನುವಾರಗಳಲ್ಲಿ ಗಿರಾಕಿಗಳು ಕಪ್ಪಿನ ಪಾಲಿಗೆ, ರಜೆಯಲ್ಲಿ ಬಿಳಿಯ ಪಾಲಿಗೆ ಎಂದು ಒಂದು ಒಪ್ಪಂದ ಬರೆದುಕೊಳ್ಳಬಹುದು, ನಮ್ಮದರ ನಕಲು ಕಳಿಸಿಕೊಡಲು ಸಿದ್ಧನಿದ್ದೇನೆ. ಅದೂ ಆಗದಿದ್ದರೆ, ಡಬ್ಬಿಯ ಮೇಲಿನ ಸಂಖ್ಯೆಗಳನ್ನೆಲ್ಲ ಅಳಿಸಿ, ‘ಯಾರ ಜತೆ ಆಡಬೇಕೆಂದಿದ್ದೀರೋ ಅವರನ್ನು ಕೇಳಿದ್ದೀರಾ?’ ಎಂದು ದಪ್ಪಕ್ಷರದಲ್ಲಿ ಮುದ್ರಿಸಬೇಕು. ಯಾವುದು ಒಳ್ಳೆಯದು ಎಂಬ ಚರ್ಚೆ ಅಲ್ಲಿಗೆ ಮುಗಿಯುತ್ತದೆ, ವಕೀಲನೂ ಭಾವನೂ ನಿರುದ್ಯೋಗಿಗಳಾಗುತ್ತಾರೆ.

ಅಲ್ಲಿಯವರೆಗೆ ನಾವು ಕಾಯುತ್ತಾ ಕೂತಿಲ್ಲ. ಬಿಳಿಯದನ್ನೂ ಕೊಂಡುಬಿಡುತ್ತೇನೆ ಎಂದು ನಾನು ಹೊರಟಾಗ ಮಗಳೇ ‘ಬೇಡ ಅಪ್ಪ, ಮತ್ತೆ ಎಂಟು ತಿಂಗಳು ಯಾರು ಕಾಯ್ತಾರೆ’ ಎಂದು ತಡೆದು, ತಾನೇ ಒಂದು ಉಪಾಯ ಹುಡುಕಿದಳು. ಅವಳು ಅವಳ ದ್ವೀಪದಲ್ಲಿ, ನಾನು ನನ್ನ ದ್ವೀಪದಲ್ಲಿ, ಫೋನನ್ನು ಸ್ಪೀಕರಿಗೆ ಹಾಕಿಟ್ಟು ಒಂದೇ ಥರದ ಮನೆ ಕಟ್ಟುತ್ತೇವೆ. ‘ಕಿಟಕಿ ಸಮುದ್ರದ ಕಡೆ ಇಡು, ಅಯ್ಯೋ ಆ ಕಡೆ ಅಲ್ಲ ಅಪ್ಪ’ ಎಂದು ಅವಳು ಕೂಗುತ್ತಾಳೆ, ನಾನು ಎಲ್ಲಿಡಬೇಕೆಂದು ಪ್ರತಿ ಇಟ್ಟಿಗೆಗೂ ಅವಳನ್ನು ಕೇಳುತ್ತೇನೆ. ಕೇಳುವುದು ಈಗ ನನಗೆ ಚೆನ್ನಾಗಿ ಅಭ್ಯಾಸವಾಗಿದೆ.

ತಮ್ಮಿಬ್ಬರಿಗೂ ಗ್ರಾಮು ಹೆಚ್ಚು ಕಡಿಮೆಯಾಗದಂತೆ ಸರಿಯಾಗಿ ಹಂಚಿದ ಗೌರವದೊಂದಿಗೆ,

ತಮ್ಮ ವಿಶ್ವಾಸಿ (ಕಪ್ಪಿನವರಿಗೆ ಗಿರಾಕಿಯಾಗಿ, ಬಿಳಿಯವರಿಗೆ ಗಿರಾಕಿಯ ತಂದೆಯಾಗಿ),
ಹಲ್ಲಿನ ಸೆಟ್ಟು ಮಾಡುವವನು

ಸಹಿ ಹಾಕಿದ ಮೇಲೆ ನೆನಪಾದದ್ದು: ಕಳೆದ ಭಾನುವಾರ ಮಗಳು, ತರಗತಿಯ ಗೆಳತಿಯೊಬ್ಬಳು ತನ್ನನ್ನು ಬಿಟ್ಟು ಬೇರೆಯವರ ಪಕ್ಕ ಕೂತ ಸಂಕಟವನ್ನು ಹೇಳುತ್ತಾ ಹೋದಳು, ನಾನು ಕೇಳುತ್ತಾ ಹೋದೆ. ಹನ್ನೊಂದು ಹೊಡೆದಾಗ ಹಿಂದಿನಿಂದ ಅವಳ ತಾಯಿ ‘ಇರ್ಲಿ, ಇನ್ನೊಂದ್ ಸ್ವಲ್ಪ ಹೊತ್ತು ಮಾತಾಡು’ ಎಂದದ್ದು ಕೇಳಿಸಿತು. ಆಮೇಲಷ್ಟೇ ಗೊತ್ತಾಯಿತು, ಪೆಟ್ಟಿಗೆ ಆನ್ ಮಾಡುವುದನ್ನು ಮಗಳೂ ಮರೆತಿದ್ದಳು, ನಾನೂ ಮರೆತಿದ್ದೆ. ಹೀಗಾಗಿ ಕಪ್ಪು ಮೇಲೋ ಬಿಳಿ ಮೇಲೋ ಎಂಬುದರ ಬಗ್ಗೆ ನನ್ನ ಅಂತಿಮ ಅಭಿಪ್ರಾಯ ಸಿದ್ಧವಾಗಿದೆ, ಬೇಕಾದರೆ ಇಬ್ಬರೂ ಜಾಹೀರಾತಿನಲ್ಲಿ ಬಳಸಿಕೊಳ್ಳಬಹುದು: ಆಫ್ ಆಗಿರುವಾಗ ಎರಡೂ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ.