ಅಲ್ಲಾಡಿಸಿ ನೋಡುವ ಮಾವ

ನನ್ನ ಸೋದರಮಾವ ಅಲ್ಲಾಡಿಸಿ ನೋಡದೆ ಯಾವುದನ್ನೂ ನಂಬುವವರಲ್ಲ! ಕೊಡಿಗೇಹಳ್ಳಿಯ ಅವರ ಹಳೇ ಮನೆಯ ಮುಂದೆ ಅಷ್ಟೇ ಹಳೆಯದೊಂದು ಜೀಪಿದೆ. ಜಾಕಿ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ, ‘ಆಟ’ ಬಂದಿದೆಯೇ ಎಂದು ನೋಡುವುದು ಅವರ ನಿತ್ಯಪೂಜೆ. ಆಟ ಎಂದರೆ ಸವೆದ ಜಾಯಿಂಟಿನ ಸಡಿಲ. ಚಕ್ರಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಗೇಟು, ಕುರ್ಚಿ, ನೆಂಟರ ಮನೆಯ ಮಂಚ, ಯಾವುದನ್ನು ಬಿಟ್ಟರು? ನನ್ನನ್ನು ನೋಡಲು ಬಂದ ಹುಡುಗನ ಕೈ ಕುಲುಕುತ್ತಾ ಭುಜದವರೆಗೂ ಅಲ್ಲಾಡಿಸಿ, ಅಡುಗೆಮನೆಗೆ ಬಂದು ತೀರ್ಪು ಕೊಟ್ಟರು: “ಆಟ ಇಲ್ಲ. ಓಡತ್ತೆ!” ಆ ಹುಡುಗನೇ ಈಗ ನನ್ನ ಗಂಡ.

ಮದುವೆ ಗೊತ್ತಾದ ದಿನವೇ ಮಾವ ಸಾರಿದರು: ಮದುಮಗಳು ಛತ್ರಕ್ಕೆ ಹೋಗುವುದು ಜೀಪಿನಲ್ಲೇ! ಅಮ್ಮ ಕೆಂಡವಾದಳು. ಸ್ವಲ್ಪ ವೇಗ ಹೆಚ್ಚಿದರೆ ಆ ಜೀಪಿನ ಮುಂದಿನ ಚಕ್ರಗಳು ಗಡಗಡ ನಡುಗುತ್ತಿದ್ದವು.

“ಅಣ್ಣಾ, ಏರ್‌ಪೋರ್ಟ್ ರೋಡಲ್ಲಿ ಅದು ಕುಣಿಯೋಕೆ ಶುರು ಮಾಡಿದ್ರೆ? ಮುಹೂರ್ತ ನಿನ್ನ ಜೀಪಿಗೆ ಕಾಯತ್ತಾ?”

“ಕುಣಿಯಲ್ಲ ಕಣೇ. ಬಿಚ್ಚಿ ಕಟ್ತೀನಿ.”

ಸೀರೆ ತರಲು ಹೊರಟಿದ್ದ ನನ್ನನ್ನು ಹಿಡಿದು ಜೀಪಿನಲ್ಲಿ ಕೂರಿಸಿದರು. “ಬ್ರೇಕ್ ತುಳಿ!” ತುಳಿದೆ. ಮಾವ ಚಕ್ರ ಅಲ್ಲಾಡಿಸಿದರು. ಬ್ರೇಕ್ ಹಿಡಿದಾಗ ಆಟ ನಿಂತರೆ ಚಕ್ರದ ಬೇರಿಂಗ್ ಸವೆದಿದೆ, ನಿಲ್ಲದಿದ್ದರೆ ಆಕ್ಸಲ್ ತುದಿಯಲ್ಲಿ ಚಕ್ರ ತಿರುಗಿಸುವ ಜಾಯಿಂಟೇ ಸವೆದಿದೆ ಎಂದು ಲೆಕ್ಕವಂತೆ. ನಿಲ್ಲಲಿಲ್ಲ. ಬಿಚ್ಚಿದ ಭಾಗಗಳನ್ನು ತೊಳೆಯಲು ಮಾವ ಸೀಮೆಎಣ್ಣೆ ತಂದರು, ಅತ್ತೆ ತನ್ನ ಪಾತ್ರೆಗಳನ್ನೆಲ್ಲ ಬಚ್ಚಿಟ್ಟಳು.

ಆ ಜಾಯಿಂಟಿಗೆ ಹೊಸ ಬೇರಿಂಗ್ ಕೂರಿಸಿ, ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆಗಳನ್ನು ಒಂದಿಟ್ಟು ಒಂದು ತೆಗೆದು ಬಿಗಿ ನೋಡುತ್ತಿದ್ದರು. “ಬಿಗಿ ಜಾಸ್ತಿ ಆದ್ರೆ ತಿರುಗಲ್ಲ, ಸಡಿಲ ಆದ್ರೆ ನಡುಗತ್ತೆ.” ಎಷ್ಟು ಎಳೆದರೆ ತಿರುಗುತ್ತದೆಂದು ತಿಳಿಯಲು, ಬೀದಿಯಲ್ಲಿ ಹೋಗುತ್ತಿದ್ದ ಹಳೇ ಪೇಪರಿನವನ ಸ್ಪ್ರಿಂಗ್ ತಕ್ಕಡಿಯನ್ನೇ ಇಸಿದುಕೊಂಡು ಕೊಕ್ಕೆ ಹಾಕಿ ಎಳೆದರು. ಪಾಪ, ಅವನ ಮುಖ ಅರಳಿತು: “ಸಾರ್, ಜೀಪೂ ತೂಕಕ್ಕೆ ಹಾಕ್ತಿದ್ದೀರಾ?” ಆಮೇಲೆ ಅವನು ಆ ಬೀದಿಗೆ ಬರುವುದನ್ನೇ ಬಿಟ್ಟ.

ಮದುವೆಯ ದಿನ ಜೀಪು ಯಲಹಂಕದವರೆಗೂ ಒಂದಿಷ್ಟೂ ನಡುಗಲಿಲ್ಲ. ಹಿಂದೆ ಕೂತಿದ್ದ ಅಮ್ಮ ಮಾತ್ರ ದಾರಿಯುದ್ದಕ್ಕೂ ನಡುಗಿದಳು!

ನಮ್ಮಲ್ಲಿ ಸೋದರಮಾವ ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರುವುದು ಪದ್ಧತಿ. ಅಕ್ಕನ ಮದುವೆಯಲ್ಲಿ ಮಾವ ಅವಳನ್ನು ಹೂವಿನ ಬುಟ್ಟಿಯಂತೆ ಎತ್ತಿಕೊಂಡು ಹೋಗಿದ್ದರು. ಈಗ ಛತ್ರದ ಮೆಟ್ಟಿಲ ಮುಂದೆ ವಾಲಗ ಜೋರಾಯಿತು. ಮಾವ ಜೀಪಿನ ಬಾಗಿಲು ಹಿಡಿದು ಇಳಿದವರು, ಹಿಡಿದ ಕೈ ಬಿಡದೆ ಹಾಗೇ ನಿಂತರು.

“ಮಂಡಿಯಲ್ಲಿ ಆಟ ಬಂದಿದೆ ಕಣಮ್ಮ,” ಎಂದರು ಮೆಲ್ಲಗೆ. “ಎತ್ಕೊಂಡು ಹೋಗೋಕೆ ಆಗಲ್ಲ. ಜೀಪಲ್ಲಿ ಕೂರಿಸ್ಕೊಂಡಾದ್ರೂ ಬರೋಣ ಅಂತ ಅದನ್ನ ಕಟ್ಟಿದ್ದು.”

ನಾವೆಲ್ಲ ಅದನ್ನು ಜೀಪಿನ ಹುಚ್ಚು ಎಂದು ನಕ್ಕಿದ್ದೆವಲ್ಲ! ನನಗೆ ಅಳು ತಡೆಯಲಾಗಲಿಲ್ಲ. ಹಾಕಿದ್ದ ಕಾಡಿಗೆಯೆಲ್ಲ ಇಳಿಯಿತು. ಅವರ ತೋಳು ಹಿಡಿದು ಭುಜದವರೆಗೂ ಒಮ್ಮೆ ಅಲ್ಲಾಡಿಸಿದೆ.

“ಏನೇ ಅದು?”

“ಓಡತ್ತೆ ಮಾವ. ನಡೀರಿ.”

ಒಂದೊಂದೇ ಮೆಟ್ಟಿಲು ಹತ್ತಿದೆವು. ವಾಲಗದವರು ಆಗಲೇ ಮಂಟಪ ಸೇರಿದ್ದರು. ಅವರು ಕಾಯಲಿ ಬಿಡಿ ಎಂದುಕೊಂಡು ಮಾವನ ಹೆಜ್ಜೆಗೇ ಹೆಜ್ಜೆ ಹಾಕಿದೆ.