ಪುಂಡಿ ಗಿಡದ ಪೂರ್ಣನಾಮ

ಲುಸೈಲ್ ನಗರದ ಉದ್ಯಾನದಲ್ಲಿ ನಡೆಯುವ ಬಾಲ್ಕನಿ ಬೆಳೆಗಾರರ ಉತ್ಸವದಲ್ಲಿ ಈ ಸಲ ಮೊದಲ ಬಹುಮಾನ ಗೆದ್ದು, ವಿಜಯಪುರ ಜಿಲ್ಲೆಯ ಕೀರ್ತಿಯನ್ನು ಕೊಲ್ಲಿಯ ಅಲೆಗಳ ಮೇಲೆ ಕೆತ್ತಿಯೇ ತೀರುತ್ತೇನೆ ಎಂದು ನಾನು ನವೆಂಬರಿನಲ್ಲಿ ಘೋಷಿಸಿದೆ. ಸಭೆಯಲ್ಲಿ ಇದ್ದದ್ದು ಒಬ್ಬಳೇ, ನನ್ನ ಹೆಂಡತಿ ಸೀಮಾ.

"ಏನ್ ಬೆಳೀತೀರಿ?"

"ಪುಂಡಿ ಸೊಪ್ಪು. ನಿಮ್ಮವ್ವ ಮಹಾದೇವಕ್ಕ ಬೀಜ ಕಟ್ಟಿ ಕೊಟ್ಟಾರಲ್ಲ, ಅದನ್ನ."

"ನೀರು ಯಾರ್ ಹಾಕಾವ್ರು?"

"ಅದೆಲ್ಲ ಸಣ್ಣ ಕೆಲಸ ಬಿಡು."

ಆ ಸಣ್ಣ ಕೆಲಸವನ್ನು ಮೂರು ತಿಂಗಳು ಅವಳೇ ಮಾಡಿದಳು. ಅಕ್ಕಿ ತೊಳೆದ ನೀರು ಹಾಕಿದಳು, ಸೋಸಿದ ಚಹಾಪುಡಿ ಒಣಗಿಸಿ ಬುಡಕ್ಕೆ ಕೊಟ್ಟಳು. ಧೂಳುಗಾಳಿ ಎದ್ದ ದಿನ ತನ್ನ ಹಳೆಯ ಸೀರೆಯನ್ನೇ ಪರದೆ ಕಟ್ಟಿ ಗಿಡವನ್ನು ಕಾಪಾಡಿದಳು. ನಾನು ದೊಡ್ಡ ಕೆಲಸ ನೋಡಿಕೊಂಡೆ. ಆಫೀಸಿನಿಂದ ಬಂದು ಟೇಪು ಹಿಡಿದು ಗಿಡದ ಎತ್ತರ ಅಳೆಯುತ್ತಿದ್ದೆ.

ಫೆಬ್ರವರಿಗೆ ಗಿಡ ನನ್ನ ಎದೆಮಟ್ಟ ಬಂತು. ಒಂದೊಂದು ಎಲೆಯೂ ಐದು ಬೆರಳು ಬಿಡಿಸಿ ಆಶೀರ್ವಾದ ಮಾಡುವ ಹಾಗೆ ನಿಂತಿತ್ತು. ಎದುರು ಫ್ಲ್ಯಾಟಿನ ಪರ್ಪೆಚುವಾ ಬಾಯಿ ಮಂಗಳೂರಿನವರು, ಬಸಳೆ ಬೆಳೆಯುವುದರಲ್ಲಿ ಎತ್ತಿದ ಕೈ. ಅವರೂ ಬಂದು ನೋಡಿ, "ಎಂತ ಚಂದ ಉಂಟು ಮಾರಾಯ್ರೆ" ಎಂದು ಕೆನ್ನೆಗೆ ಕೈ ಕೊಟ್ಟು ನಿಂತುಬಿಟ್ಟರು. ಪ್ರತಿಸ್ಪರ್ಧಿಯ ಬಾಯಿಂದ ಬಂದ ಈ ಮಾತಿಗೆ ನಾನು ಎರಡಿಂಚು ಬೆಳೆದೆ.

ಉತ್ಸವಕ್ಕೆ ಎರಡು ದಿನ ಇರುವಾಗ ಕುಂಡಕ್ಕೆ ಹೆಸರಿನ ಚೀಟಿ ಅಂಟಿಸುವ ಪ್ರಶ್ನೆ ಬಂತು.

"ಪುಂಡಿ ಅಂತ ಬರೀರಿ, ಸಾಕು" ಎಂದಳು ಸೀಮಾ.

"ಪುಂಡಿ ಅಂದ್ರ ಇಲ್ಲಿ ಜಡ್ಜಿಗೆ ತಿಳೀತದೇನು? ಸೈಂಟಿಫಿಕ್ ಹೆಸರು ಬೇಕು."

ಫೋನಿನಲ್ಲಿ ಹುಡುಕಿದೆ. ಹಿಬಿಸ್ಕಸ್ ಕ್ಯಾನಬಿನಸ್. ಅಹಾ, ರೋಮನ್ ಚಕ್ರವರ್ತಿಯ ಹೆಸರಿನ ಹಾಗಿತ್ತು. ಕ್ಯಾನಬಿಸ್, ಅಂದರೆ ಗಾಂಜಾದಂಥ ಎಲೆ ಇರುವುದರಿಂದಲೇ ಈ ಹೆಸರು ಬಂದಿದೆ ಎಂದು ಕೆಳಗೆ ಬರೆದಿತ್ತಂತೆ. ನಾನು ಅಷ್ಟು ಕೆಳಗೆ ಹೋಗಲಿಲ್ಲ. ಆಫೀಸಿನ ಪ್ರಿಂಟರಿನಲ್ಲಿ ಮುದ್ರಿಸಿದೆ. ಎರಡೂ ಪದ ಒಂದೇ ಸಾಲಿನಲ್ಲಿ ಹಿಡಿಸದ್ದರಿಂದ, ಎರಡನೆಯದನ್ನು ಕೆಳಗಿನ ಸಾಲಿಗೆ ಇಳಿಸಿ ದಪ್ಪಕ್ಷರದಲ್ಲಿ ಹೊಡೆದೆ.

ಉತ್ಸವದ ದಿನ, ಶುಕ್ರವಾರ ಬೆಳಿಗ್ಗೆ, ಸೀಮಾ ಉದ್ಯಾನದ ಪಾರ್ಕಿಂಗಿನಲ್ಲಿ ಕಾರಿನಿಂದ ಬುತ್ತಿ ತೆಗೆಯುತ್ತಿದ್ದಳು. ನಾನು ಕುಂಡ ಹೊತ್ತು ಮೆರವಣಿಗೆಯ ಗತ್ತಿನಲ್ಲಿ ಗೇಟಿಗೆ ಬಂದೆ. ಅಲ್ಲಿದ್ದ ಕೀನ್ಯಾದ ಸೆಕ್ಯೂರಿಟಿ ದಪ್ಪಕ್ಷರವನ್ನು ಓದಿದ. ಎಲೆ ನೋಡಿದ. ನನ್ನನ್ನು ನೋಡಿದ.

"ಸರ್, ಸ್ವಲ್ಪ ಪಕ್ಕಕ್ಕೆ ಬನ್ನಿ" ಎಂದ, ಬಹಳ ಮರ್ಯಾದೆಯಿಂದ.

ಗಿಡದ ಫೋಟೊ ತೆಗೆದು ಯಾವುದೋ ಆ್ಯಪಿಗೆ ತೋರಿಸಿದ. ಗಾಂಜಾ ಇರಬಹುದು ಎಂದು ಆ್ಯಪೂ ತೀರ್ಪು ಕೊಟ್ಟಿತು. ಈ ದೇಶದಲ್ಲಿ ಇದು ತಮಾಷೆಯ ಮಾತಲ್ಲ. ಇಲ್ಲಿನ ಹದಿನಾಲ್ಕು ವರ್ಷದ ಕೆಲಸ, ವೀಸಾ, ಮಗಳ ಶಾಲೆ, ಎಲ್ಲ ಒಂದು ಕುಂಡದಲ್ಲಿ ಹೂತುಹೋಗುವುದು ಕಣ್ಣಿಗೆ ಕಟ್ಟಿತು. ಪುಂಡಿ ತಂದು ಪುಂಡನಾದೆನಲ್ಲ ಎನಿಸಿತು.

"ಇದು ಸೊಪ್ಪು. ನಾವಿದನ್ನು ಬೇಯಿಸಿ ತಿನ್ನುತ್ತೇವೆ" ಎಂದೆ.

"ತಿನ್ನುತ್ತೀರಾ?"

"ನಾನೊಬ್ಬನೇ ಅಲ್ಲ, ನಮ್ಮ ಇಡೀ ಊರು ತಿನ್ನುತ್ತದೆ."

ಆತ ವೈರ್‌ಲೆಸ್ ತೆಗೆದು, "ಇಡೀ ಊರಂತೆ" ಎಂದು ಯಾರಿಗೋ ವರದಿ ಮಾಡಿದ.

ನನಗೆ ತಲೆ ಓಡಲಿಲ್ಲ, ಕೈ ಓಡಿತು. ಎಡಗಡೆಯ ಎಲೆ ಕಿತ್ತು ಬಾಯಿಗೆ ತುರುಕಿಕೊಂಡೆ. ಒಂದು, ಎರಡು, ಹತ್ತು.

"ಸರ್, ದಯವಿಟ್ಟು ಸಾಕ್ಷಿಯನ್ನು ತಿನ್ನಬೇಡಿ."

ಪುಂಡಿಯ ಹುಳಿಗೆ ನನ್ನ ಕಣ್ಣಲ್ಲಿ ನೀರಾಡಿತು. "ಕಣ್ಣು ಕೆಂಪಾಗುತ್ತಿದೆ" ಎಂದು ಆತ ಮತ್ತೆ ವೈರ್‌ಲೆಸ್ಸಿಗೆ ಹೇಳಿದ.

ಅಷ್ಟರಲ್ಲಿ ಸೀಮಾ ಬಂದಳು. ನನ್ನ ಬಾಯಿ ನೋಡಿದಳು, ಚೀಟಿ ನೋಡಿದಳು, ಎಲ್ಲ ಅರ್ಥವಾಯಿತು. ನನ್ನ ಕಡೆ ತಿರುಗಿ "ಮೊದಲು ನುಂಗ್ರಿ" ಎಂದಳು. ಆಮೇಲೆ ಸೆಕ್ಯೂರಿಟಿಗೆ ಶಾಂತವಾಗಿ ಹೇಳಿದಳು: "ಬ್ರದರ್, ಒಳಗೆ ಗಿಡ ಬಲ್ಲ ಜಡ್ಜ್ ಇದ್ದಾರಲ್ಲ, ಅವರನ್ನೇ ಕರೆಯಿರಿ. ನಾವೆಲ್ಲೂ ಹೋಗುವುದಿಲ್ಲ."

ಜಡ್ಜ್ ಆಗಿದ್ದ ಸುಡಾನಿನ ವೃದ್ಧ ಕೃಷಿ ಇಂಜಿನಿಯರ್ ಒಬ್ಬರು ನಿಧಾನವಾಗಿ ಬಂದರು. ಒಂದು ಎಲೆ ಮುರಿದು ಮೂಸಿದರು, ಅಗಿದರು, ಕಣ್ಣು ಮುಚ್ಚಿದರು.

"ಇದು ಕರ್ಕದೆಯ ತಂಗಿ" ಎಂದರು. "ನಮ್ಮ ಹಿತ್ತಿಲಲ್ಲೂ ಇತ್ತು."

ಕರ್ಕದೆ ಎಂದರೆ ಇಲ್ಲಿ ಎಲ್ಲರೂ ಕುಡಿಯುವ ಕೆಂಪು ಹುಳಿ ಶರಬತ್ತಿನ ಗಿಡ. ಸೆಕ್ಯೂರಿಟಿಯ ಮುಖ ಅರಳಿತು. "ಖಲಾಸ್, ಮುಗಿಯಿತು, ಹೋಗಿ ಸರ್" ಎಂದ. ಇಂಜಿನಿಯರ್ ನನ್ನ ಚೀಟಿಯನ್ನು ಮಡಿಸಿ ನನ್ನ ಜೇಬಿಗೇ ಹಾಕಿದರು. "ಹೆಸರು ಸರಿಯಾಗಿದೆ. ಆದರೆ ಸರಿಯಾದದ್ದನ್ನೆಲ್ಲ ಗೇಟಿನಲ್ಲಿ ಹೇಳಬೇಕಾಗಿಲ್ಲ."

ಒಳಗೆ ಹೋಗಿ ನೋಡಿದ ಮೇಲೆ ನಾನು ಬೆಳೆದಿದ್ದ ಎರಡಿಂಚೂ ಇಳಿದುಹೋಯಿತು. ಪರ್ಪೆಚುವಾ ಬಾಯಿಯ ಬಸಳೆ ಚಪ್ಪರದ ಕೆಳಗೆ ಒಬ್ಬರು ಕುರ್ಚಿ ಹಾಕಿ ಕೂರಬಹುದಿತ್ತು. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿರುವ ಡ್ರೈವರ್ ಮೊಯ್ದಿನ್ ಕುಂಞಿ ಎಣ್ಣೆ ಡಬ್ಬ ಕತ್ತರಿಸಿ ಅದರಲ್ಲಿ ಕೆಂಪು ಹರಿವೆ ಸೊಪ್ಪು ಬೆಳೆದಿದ್ದರು.

"ನೀರೆಲ್ಲಿಂದ?" ಎಂದು ಕೇಳಿದೆ.

"ಏಸಿಯಿಂದ ತೊಟ್ಟಿಕ್ಕುತ್ತದಲ್ಲ, ಅದೇ. ಹನ್ನೆರಡು ರೂಮಿನ ಏಸಿಗೂ ಬಕೆಟ್ ಇಟ್ಟಿದ್ದೇನೆ. ಡ್ಯೂಟಿ ಮುಗಿಸಿ ಬಂದು ಒಟ್ಟು ಮಾಡುವುದು."

ಹನ್ನೆರಡು ಬಕೆಟ್! ಟೇಪು ಹಿಡಿದ ನನ್ನ ಮೂರು ತಿಂಗಳ ಶ್ರಮ ನೆನಪಾಗಿ ನಾಚಿಕೆಯಾಯಿತು. ಮೊದಲ ಬಹುಮಾನ ಅವರಿಗೇ ಹೋಯಿತು. ನಾನು ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ, ಮನಸ್ಸಿನಿಂದ.

ನಮಗೆ ಮೂರನೆಯದು ಬಂತು. ಅದಕ್ಕೂ ಮೊದಲು ಇಂಜಿನಿಯರ್ ನಮ್ಮ ಗಿಡದ ಮಣ್ಣು, ಗೊಬ್ಬರ, ನೀರಿನ ಬಗ್ಗೆ ಏಳು ಪ್ರಶ್ನೆ ಕೇಳಿದ್ದರು. ಏಳಕ್ಕೂ ನಾನು ಸೀಮಾಳ ಮುಖ ನೋಡಿದ್ದೆ. ಹೀಗಾಗಿ ಪ್ರಮಾಣಪತ್ರದಲ್ಲಿ ಬೆಳೆಗಾರ್ತಿಯೆಂದು ಅವಳ ಹೆಸರೇ ಇತ್ತು. ಜೊತೆಗೆ ಅಂಕಪಟ್ಟಿಯನ್ನೂ ಅವಳ ಕೈಗಿಟ್ಟು ಅವರೇ ಓದಿ ಹೇಳಿದರು: "ಗಿಡದ ಆರೋಗ್ಯ ಅತ್ಯುತ್ತಮ. ಎಡಭಾಗದಲ್ಲಿ ಮಾತ್ರ ಯಾವುದೋ ದೊಡ್ಡ ಕೀಟದ ಹಾವಳಿ. ಇದಕ್ಕೆ ಏನಾದರೂ ಔಷಧ ಹೊಡೆಯಿರಿ, ಮೇಡಂ."

ಸೀಮಾ ನನ್ನ ಕಡೆ ಒಮ್ಮೆ ನೋಡಿ ಅವರಿಗೆ ಹೇಳಿದಳು: "ಹದಿನಾರು ವರ್ಷದಿಂದ ಹೊಡೆಯುತ್ತಿದ್ದೇನೆ ಸರ್. ಇದಕ್ಕೆ ಯಾವುದೂ ನಾಟುವುದಿಲ್ಲ."