ಅರ್ಧ ಇಂಚಿನ ನಿಷ್ಠೆ

ಎಲ್ಲ ರಗಳೆ ಶುರುವಾದದ್ದು ಅರ್ಧ ಇಂಚಿನಿಂದ. ಮಾಸ್ಟರು ಹೊಲಿದ ಬೆಲ್ಟಿನ ಹಳದಿ ಪಟ್ಟಿ ಎಲ್ಲಿರಬೇಕೋ ಅಲ್ಲೇ ಇತ್ತು. ಅದೇ ದೊಡ್ಡ ತಪ್ಪಾಗಿಹೋಯಿತು.

ಮಾಸ್ಟರು ಸಿನಿಮಾ ಸ್ಟುಡಿಯೊದ ದರ್ಜಿ. ಮೂವತ್ತು ವರ್ಷಗಳಿಂದ ರಾಜರಿಗೆ, ಕಳ್ಳರಿಗೆ, ದೆವ್ವಗಳಿಗೆ ಭೇದವಿಲ್ಲದೆ ಬಟ್ಟೆ ಹೊಲಿದಿದ್ದರೂ ಅವರ ಹೆಸರು ಒಮ್ಮೆಯೂ ಪರದೆಯ ಮೇಲೆ ಬಂದಿರಲಿಲ್ಲ. ಹೆಂಡತಿ ಪ್ರತಿ ಸಿನಿಮಾಕ್ಕೂ ಹೋಗಿ, ಕೊನೆಯ ಹೆಸರು ಮಾಯವಾಗಿ ದೀಪ ಹತ್ತುವ ತನಕ ಕೂತು ಬರುತ್ತಿದ್ದರು. "ನಾಯಿ ಹೆಸರು ಬಂತು, ನಾಯಿ ತಂದವನ ಹೆಸರು ಬಂತು. ನಾಯಿಗೆ ಕೋಟು ಹೊಲಿದೋರ ಹೆಸರು ಮಾತ್ರ ಇಲ್ಲ ನೋಡಿ," ಎಂದು ಕಳೆದ ಸಲ ಮುಖ ಊದಿಸಿಕೊಂಡಿದ್ದರು. ಮಾಸ್ಟರಿಗೂ ಒಳಗೊಳಗೇ ಆ ಆಸೆ ಕೊರೆಯುತ್ತಿತ್ತು.

ಈ ಸಲ ನಿರ್ಮಾಪಕರು ಮಾತು ಕೊಟ್ಟಿದ್ದರು. ಕಾಮಿಕ್ಸಿನಿಂದ ಮಾಡಿದ ಅವರ ಹಿಂದಿನ ಸಿನಿಮಾ ಮೂರೇ ದಿನಕ್ಕೆ ಮಕಾಡೆ ಮಲಗಿತ್ತು. ಕತೆಗೆ ತಲೆಬುಡ ಇರಲಿಲ್ಲವೆಂದು ನೋಡಿದವರೆಲ್ಲ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ವೀರನ ಬೂಟಿನ ಬಣ್ಣ ಬೇರೆಯಾಗಿ ಅಭಿಮಾನಿಗಳು ಮುನಿಸಿಕೊಂಡದ್ದೇ ಸೋಲಿಗೆ ಕಾರಣ ಎಂಬುದು ಅವರ ಸಂಶೋಧನೆ. ಆದ್ದರಿಂದ ಈಗ ಗುಡುಗಣ್ಣ ಎಂಬ ಹಳೆಯ ಕಾಮಿಕ್ಸ್ ವೀರನನ್ನು ತೆರೆಗೆ ತರುವಾಗ, ಗುಡುಗಣ್ಣ ಅಭಿಮಾನಿ ಸಂಘದ ಅಧ್ಯಕ್ಷರನ್ನೇ ಕರೆಸಿದ್ದರು.

"ಅವರು ಉಡುಪು ಒಪ್ಪಿದ್ರೆ ಸಿನಿಮಾ ಗೆದ್ದ ಹಾಗೆ ಮಾಸ್ಟ್ರೇ. ಇವತ್ತು ಒಪ್ಪಿಸಿಬಿಡಿ, ಪರದೆ ಮೇಲೆ ನಿಮ್ಮ ಹೆಸರು ಒಂದೇ ಬರುತ್ತೆ, ಪಕ್ಕದಲ್ಲಿ ಯಾರೂ ಇರಲ್ಲ," ಎಂದಿದ್ದರು ನಿರ್ಮಾಪಕರು.

ಅಧ್ಯಕ್ಷರು ಕಸುಬಿನಲ್ಲಿ ಹಲ್ಲಿನ ಡಾಕ್ಟರು. ಬೆಳಿಗ್ಗೆ ಹತ್ತಕ್ಕೆ ಹೊಲಿಗೆ ಕೋಣೆಗೆ ಬಂದವರೇ ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಚೀಲದಿಂದ ಗುಡುಗಣ್ಣನ ಮೊದಲ ಸಂಚಿಕೆ ತೆಗೆದು, ಚಿಮಟದಲ್ಲಿ ಪುಟ ತಿರುವಿದರು. ಭೂತಗನ್ನಡಿ ಹಿಡಿದು ಪುಸ್ತಕವನ್ನೊಮ್ಮೆ, ಉಡುಪನ್ನೊಮ್ಮೆ ನೋಡಿದರು.

"ಚಿತ್ರದಲ್ಲಿ ಬೆಲ್ಟಿನ ಹಳದಿ ಎಲ್ಲಿದೆ?"

ಮಾಸ್ಟರು ಬಗ್ಗಿ ನೋಡಿದರು. ಬಣ್ಣ ಗೆರೆ ದಾಟಿ ಕೂದಲೆಳೆಯಷ್ಟು ಕೆಳಗಿತ್ತು. "ಬೆಲ್ಟಿನ ಕೆಳಗಿದೆ ಸಾರ್."

"ಮನುಷ್ಯನ ಅಳತೆಗೆ ತಂದ್ರೆ ಅರ್ಧ ಇಂಚು. ನೀವು ಬೆಲ್ಟಿನ ಮೇಲೇ ಹಾಕಿದೀರ!"

"ಬೆಲ್ಟಿನ ಬಣ್ಣ ಬೆಲ್ಟಿನ ಮೇಲಲ್ದೆ ಇನ್ನೆಲ್ಲಿ ಸಾರ್ ಹಾಕೋದು?"

"ಅದು ನಿಮ್ಮ ಬುದ್ಧಿ. ನಮಗೆ ನಿಮ್ಮ ಬುದ್ಧಿ ಬೇಡ, ಪುಸ್ತಕ ಬೇಕು."

ಮಾಸ್ಟರು ತುಟಿ ಬಿಚ್ಚದೆ ಹೊಲಿಗೆ ಬಿಚ್ಚಿದರು. ಹಳದಿಯನ್ನು ಅರ್ಧ ಇಂಚು ಇಳಿಸಿದರು. ಆಮೇಲೆ ನೋಡಿದರೆ ಪುಸ್ತಕದಲ್ಲಿ ಚಡ್ಡಿಯ ಕೆಂಪೂ ಜಾರಿತ್ತು. ಅದನ್ನೂ ಇಳಿಸಿದರು. ತುಟಿಯ ಕೆಂಪು ಗಲ್ಲಕ್ಕೆ ಇಳಿದಿರುವುದನ್ನು ಅಧ್ಯಕ್ಷರು ಪತ್ತೆ ಹಚ್ಚಿದಾಗ ಮೇಕಪ್ಪಿನಕ್ಕ, "ಇದನ್ನ ಬಳಿದ್ರೆ ನನ್ನ ಕೆಲಸ ಹೋಗುತ್ತೆ," ಎಂದು ಅಳುವಂತಾದಳು.

ಮಧ್ಯಾಹ್ನ ನಾಯಕನಟ ಬಂದು ಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತ. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡ.

"ಮಾಸ್ಟ್ರೇ, ಚಡ್ಡಿ ಜಾರ್ತಾ ಇದೆಯಾ?"

"ಇಲ್ಲ ಸಾರ್. ಜಾರಿದ ಹಾಗೇ ಹೊಲಿದಿದೀನಿ."

"ಏನಾದ್ರೂ ಮಾಡ್ಕೊಳ್ಳಿ, ಮುಖವಾಡ ಮಾತ್ರ ಬೇಡ. ಇಂಥ ಸಿನಿಮಾ ಗೆಲ್ಲೋದೇ ಮುಖದಿಂದ," ಎಂದ ನಟ. ಅವನ ಹಿಂದೆಯೇ ಬಂದ ನಿರ್ದೇಶಕನ ಲೆಕ್ಕವೇ ಬೇರೆ. "ಗೆಲ್ಲೋದು ನೋವಿನಿಂದ. ನಗೋ ವೀರನ್ನ ಯಾರು ನೋಡ್ತಾರೆ? ಇಡೀ ಉಡುಪು ಕಪ್ಪಾಗ್ಲಿ ಮಾಸ್ಟ್ರೇ. ಎದೆ ಮೇಲೊಂದು ಹರಕು ಇರ್ಲಿ, ಅದು ಅವನ ಬಾಲ್ಯ."

ಬಾಲ್ಯವನ್ನು ಎಷ್ಟು ಇಂಚು ಹರಿಯಬೇಕೆಂದು ಮಾಸ್ಟರು ಕೇಳುವಷ್ಟರಲ್ಲಿ ನಿರ್ಮಾಪಕರು ಒಬ್ಬ ಮುದುಕರ ಕೈ ಹಿಡಿದು ಒಳಗೆ ಕರೆತಂದರು. ಗುಡುಗಣ್ಣನನ್ನು ಬರೆದ ಚಿತ್ರಗಾರರು. ಪತ್ರಿಕೆಗೆ ಫೋಟೊ ಬೇಕಿತ್ತೆಂದು ಕರೆಸಿದ್ದರು.

ಮುದುಕರು ಉಡುಪನ್ನು ನೋಡಿದರು. ನಗಲು ಶುರುಮಾಡಿದವರು ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ.

"ಅಯ್ಯೋ ಮಾರಾಯರೇ, ಅದು ಅಚ್ಚಿನ ತಪ್ಪು! ಪ್ರೆಸ್ಸಿನವನು ಕಾಗದ ಸೊಟ್ಟ ಇಟ್ಟು ಬಣ್ಣ ಎಲ್ಲ ಕೆಳಗೆ ಜಾರಿಸಿದ್ದ. ಅವತ್ತೇ ಹೋಗಿ ಜಗಳ ಆಡಿದ್ದೆ."

ಅಧ್ಯಕ್ಷರ ಮುಖ ಕೆಂಪಾಯಿತು. "ಸ್ವಾಮೀ, ನೀವು ಬರೆದಿರಬಹುದು. ಅಷ್ಟಕ್ಕೇ ನಿಮಗೆ ಗುಡುಗಣ್ಣ ಗೊತ್ತು ಅಂತ ಅಲ್ಲ!"

ನಿರ್ಮಾಪಕರು ಅತ್ತ ನೋಡಿದರು, ಇತ್ತ ನೋಡಿದರು. "ಹಾಗಾದ್ರೆ ಈ ಉಡುಪು ತಪ್ಪಾ? ಬೇರೆ ದರ್ಜಿನ ಕರೆಸ್ಬೇಕಾ?"

ಮುದುಕರ ಮಾತು ನಿಜವೆಂದು ಮಾಸ್ಟರ ಕೈಬೆರಳಿಗೂ ಗೊತ್ತಿತ್ತು. ಆದರೆ ಹೆಸರು? ಜನ್ಮದಲ್ಲಿ ಭಾಷಣ ಮಾಡದ ಮಾಸ್ಟರು ಕತ್ತರಿ ಎತ್ತಿ ಹಿಡಿದು ಗುಡುಗಿದರು.

"ಸಾರ್, ಬರೆದೋರು ಏನಂದುಕೊಂಡ್ರು ಅನ್ನೋದು ನಮಗ್ಯಾಕೆ? ಮುಖದಿಂದ ಗೆಲ್ಲಲ್ಲ, ನೋವಿಂದ ಗೆಲ್ಲಲ್ಲ, ಪುಸ್ತಕದಿಂದ ಗೆಲ್ಲುತ್ತೆ! ಪುಸ್ತಕದಲ್ಲಿ ಇದ್ದದ್ದು ಪರದೆ ಮೇಲೆ ಇರ್ಬೇಕು. ಇಲ್ಲದ್ದು ಒಂದು ನೂಲೂ ಬರಬಾರದು!"

ಅಧ್ಯಕ್ಷರು ಎದ್ದು ಬಂದು ಮಾಸ್ಟರನ್ನು ತಬ್ಬಿಕೊಂಡರು. ನಿರ್ಮಾಪಕರು ಚಪ್ಪಾಳೆ ತಟ್ಟಿ, ಆ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿದರು. ಮುದುಕರಿಗೆ ಚಹಾ ಕುಡಿಸಿ ಫೋಟೊ ತೆಗೆಸಿ ಕಳಿಸಿಬಿಟ್ಟರು. ಬಾಗಿಲಲ್ಲಿ ಅವರು ಹಿಂತಿರುಗಿ ನೋಡಿದಾಗ ಮಾಸ್ಟರು ನಾಚಿಕೆಯಿಂದ ತಲೆ ತಗ್ಗಿಸಿ ಇಲ್ಲದ ಗುಂಡಿ ಹುಡುಕಿದರು.

ಸಂಜೆ ಐದಕ್ಕೆ ಪರದೆಯ ಹೆಸರುಗಳ ಪಟ್ಟಿ ಓದಲು ಎಲ್ಲರೂ ಸೇರಿದರು. "ಉಡುಪು," ಎಂದು ನಿರ್ಮಾಪಕರು ಓದಿ, ಮಾಸ್ಟರ ಕಡೆ ನೋಡಿ ನಕ್ಕರು. ಮಾಸ್ಟರು ಅಂಗಿಯ ಕಾಲರು ಸರಿಮಾಡಿಕೊಂಡರು.

"ಒಂದು ನಿಮಿಷ," ಎಂದರು ಅಧ್ಯಕ್ಷರು. ಚಿಮಟ ಹೊರಬಂತು. "ಹದಿನೇಳನೇ ಪುಟ. ಗುಡುಗಣ್ಣನ ಉಡುಪು ಹೊಲಿದದ್ದು ಅವನ ಅಜ್ಜಿ. ಪುಸ್ತಕದಲ್ಲಿ ಎಲ್ಲೂ ದರ್ಜಿ ಇಲ್ಲ."

ನಿರ್ಮಾಪಕರು ಪಟ್ಟಿ ನೋಡಿದರು, ಗೋಡೆ ನೋಡಿದರು. "ಹೌದಲ್ಲ! ಇಲ್ಲದ್ದು ಒಂದು ನೂಲೂ ಬರಬಾರದು. ಮಾಸ್ಟರ ಮಾತು ಮೀರೋಕಾಗುತ್ತಾ?" ಪೆನ್ನು ತೆಗೆದು ತಿದ್ದಿದರು. 'ಉಡುಪು: ಗುಡುಗಣ್ಣನ ಅಜ್ಜಿ.'

"ಸಾರ್, ಅದು ನಾನು ಸುಮ್ನೆ..." ಎಂದರು ಮಾಸ್ಟರು.

"ಎಂಥ ತ್ಯಾಗ!" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. "ಆ ಪುಟದಲ್ಲಿ ಅಜ್ಜಿ ಹೊಲಿಯೋ ಕೈ ಮಾತ್ರ ಕಾಣುತ್ತೆ. ಆ ಕೈನೂ ಮಾಸ್ಟರದ್ದೇ ಇರ್ಲಿ. ಇಷ್ಟು ಚೆನ್ನಾಗಿ ಇನ್ಯಾರು ಹೊಲೀತಾರೆ?"

ಐದೂವರೆಗೆ ಕ್ಯಾಮೆರಾ ಸಿದ್ಧವಾಯಿತು. ಮೇಕಪ್ಪಿನಕ್ಕ ಒಂದು ಡಜನ್ ಗಾಜಿನ ಬಳೆ, ಒಂದು ಸೋಪು, ಒಂದು ತಂಬಿಗೆ ನೀರು ಹಿಡಿದು ಮಾಸ್ಟರ ಮುಂದೆ ಕೂತಳು.

"ಕೈ ಸಡಿಲ ಬಿಡಿ ಅಜ್ಜಿ," ಎಂದಳು.